ಬೂದು ಬೆಕ್ಕಿನ ಕಪ್ಪು ಬಿಳುಪು

ಮೂವತ್ತು ವರ್ಷಗಳಿಂದ ಒಂದೇ ಸ್ಟುಡಿಯೊದಲ್ಲಿ ದುಡಿಯುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ಟಚಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ರೀಲಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಮೊಡವೆ, ಕಲೆಗಳನ್ನೆಲ್ಲ ಮಾಯ ಮಾಡುತ್ತಿದ್ದವಳು. ಕಂಪ್ಯೂಟರ್ ಬಂದಾಗ ಒಂದು ವಾರ ಮುಖ ಊದಿಸಿಕೊಂಡಿದ್ದು, ಎಂಟನೇ ದಿನ ಮೌಸ್ ಹಿಡಿದಳು. ಆಕೆಯ ಕೈಗೆ ಸಿಕ್ಕರೆ ಅರವತ್ತು ದಾಟಿದವರೂ ಮದುವೆಗೆ ನಿಂತವರಂತೆ ಕಾಣುತ್ತಿದ್ದರು.

ಒಂದು ಬೆಳಿಗ್ಗೆ ಹಿಂದಿನ ಬೀದಿಯ ಟೈಲರಮ್ಮನ ವಾಚಾಳಿ ಗಂಡ ಮೊಬೈಲ್ ಹಿಡಿದು ಬಂದ. ಬೂದು ಸಿಮೆಂಟ್ ನೆಲದ ಮೇಲೆ ಬೂದು ಬೆಕ್ಕೊಂದು ಕೂತ ಫೋಟೊ.

"ಕ್ಯಾನ್ವಾಸ್ ಮೇಲೆ ದೊಡ್ಡದಾಗಿ ಮಾಡ್ಕೊಡಿ ಅಕ್ಕಾ. ನಮ್ಮನೆಯವಳಿಗೆ ಇದಂದ್ರೆ ಪ್ರಾಣ. ನಾನೆಲ್ಲ ಆಮೇಲೆ."

ಟಚಿಂಗ್ ಅಕ್ಕ ಎರಡು ದಿನ ಕೂತು ಒಂದೊಂದು ಕೂದಲನ್ನೂ ರೇಷ್ಮೆಯಂತೆ ನಯಗೊಳಿಸಿದಳು. ಚಿತ್ರ ಒಯ್ಯಲು ಗಂಡ ಹೆಂಡತಿ ಇಬ್ಬರೂ ಬಂದರು. ಟೈಲರಮ್ಮ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು, ಓರೆ ಮಾಡಿದಳು, ಕೆಳಗಿಟ್ಟಳು.

"ಚೆನ್ನಾಗೇ ಇರತ್ತೆ ಅಕ್ಕಾ. ನನಗೆ ಮಾತ್ರ ಬೂದಿ ಚೆಲ್ಲಿದ ಹಾಗೆ ಕಾಣ್ತಿದೆ."

ಆಗ ವಿಷಯ ಹೊರಬಿತ್ತು. ಎರಡು ವರ್ಷದಿಂದ ಟೈಲರಮ್ಮನ ಕಣ್ಣು ಮಂಜಾಗಿತ್ತು. ಡಾಕ್ಟರೂ ಕೈಚೆಲ್ಲಿದ್ದರು. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಾಗಿತ್ತು. ಅಚ್ಚ ಕಪ್ಪು ಅಚ್ಚ ಬಿಳುಪು ಅಕ್ಕಪಕ್ಕ ಇದ್ದರೆ ಮಾತ್ರ ಆಕಾರ ಗೊತ್ತಾಗುತ್ತಿತ್ತು.

"ಬೆಕ್ಕಿನ ಬಾಲ ತುಳಿದ ಮೇಲೇ ಅದು ಅಲ್ಲಿತ್ತು ಅಂತ ತಿಳಿಯೋದು," ಎಂದಳು.

"ಇದನ್ನ ಮೊದಲೇ ಹೇಳೋಕೆ ನಿಮಗೇನಾಗಿತ್ತು?" ಟಚಿಂಗ್ ಅಕ್ಕ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಯಾರಿಗೂ ಹೇಳ್ಬೇಡಿ ಅಂತ ಇವಳೇ ಆಣೆ ಹಾಕ್ಸಿದ್ಳು," ಎಂದು ಆತ ತಲೆ ಕೆರೆದುಕೊಂಡ.

ಟಚಿಂಗ್ ಅಕ್ಕ ಇನ್ನೊಂದು ಕುರ್ಚಿ ಎಳೆದು ಟೈಲರಮ್ಮನನ್ನು ಪರದೆಯ ಮುಂದೆ ಕೂರಿಸಿದಳು. ಬೆಕ್ಕನ್ನು ನೆಲದಿಂದ ಕತ್ತರಿಸಿ ಬೇರೆ ಮಾಡಿ, ಹಿನ್ನೆಲೆಗೆ ಬಿಳಿ ತುಂಬಿದಳು. ಕಾಂಟ್ರಾಸ್ಟ್ ಏರಿಸುತ್ತಾ ಹೋದಳು.

"ಈಗ?"

"ದಿಂಬು ಇಟ್ಟ ಹಾಗಿದೆ."

"ಈಗ?"

"ಅಯ್ಯೋ, ಕಿವಿ ಬಂತು!"

ಬೂದೆಲ್ಲ ಒಂದೋ ಕಪ್ಪಾಯಿತು, ಇಲ್ಲ ಬಿಳುಪಾಯಿತು. ಕಣ್ಣುಗಳು ಎದ್ದು ಬಂದವು, ಆದರೆ ಮೀಸೆ ಮಂಗಮಾಯ. ಟಚಿಂಗ್ ಅಕ್ಕ ಕೈಯಾರೆ ಗೆರೆ ಎಳೆದಳು, ಮುಖದ ಮೇಲೆ ಬಿಳಿ, ಮುಖ ದಾಟಿದೊಡನೆ ಕಪ್ಪು. ಪೊರಕೆ ಕಡ್ಡಿಯಷ್ಟು ದಪ್ಪ. "ಗದ್ದದ ಹತ್ರ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬರ್ಲಿ," ಎಂದು ಟೈಲರಮ್ಮ ಬೆರಳಿಟ್ಟು ತೋರಿಸಿದಳು. ಆ ಬೆರಳು ಮೇಲೆ ಹೋಗಿ ಒಂದು ಕಡೆ ನಿಂತಿತು.

"ಕಿವಿ ಯಾಕೆ ಹರಿದಿದೆ?"

ಗಂಡ ಕೆಮ್ಮಿದ. "ಹೋದ ವರ್ಷ ಯಾವುದೋ ಬೆಕ್ಕಿನ ಜೊತೆ ಜಗಳ ಆಡ್ಕೊಂಡು ಬಂದಿತ್ತು. ನೀನು ಸಂಕಟ ಪಡ್ತೀಯ ಅಂತ..."

"ಒಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ನೀವಾ?" ಟೈಲರಮ್ಮ ಬಿದ್ದು ಬಿದ್ದು ನಕ್ಕಳು.

ಹೊಸ ಕ್ಯಾನ್ವಾಸನ್ನು ಟಚಿಂಗ್ ಅಕ್ಕ ತಾನೇ ಹೊತ್ತುಕೊಂಡು ಹೋಗಿ ಅವರ ಮನೆಯ ಕಿಟಕಿಯೆದುರಿನ ಗೋಡೆಗೆ ಹಾಕಿದಳು. ಟೈಲರಮ್ಮ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದಳು.

"ಅಕ್ಕಾ, ಇಂಥದ್ದೇ ಇನ್ನೊಂದು ಬೇಕು. ಇವರದ್ದು."

"ನನ್ನದ್ಯಾಕೆ? ನಾನು ಇಲ್ಲೇ ಇದ್ದೀನಲ್ಲ!" ಎಂದ ಗಂಡ.

"ನಿಮ್ಮ ಮಾತಿಗೇನು, ದಿನವಿಡೀ ಇದೆ. ಮುಖ ನೋಡಿ ಎರಡು ವರ್ಷ ಆಯ್ತು."

ಮರುದಿನ ಗಂಡ ಇಸ್ತ್ರಿ ಅಂಗಿ ತೊಟ್ಟು ಸ್ಟುಡಿಯೊದ ಸ್ಟೂಲ್ ಮೇಲೆ ಬಂದು ಕೂತ. ಟಚಿಂಗ್ ಅಕ್ಕ ದೀಪವನ್ನು ಒಂದು ಪಕ್ಕಕ್ಕಿಟ್ಟು, ಹಣೆಯ ಒಂದೊಂದು ಗೆರೆಯೂ ಎದ್ದು ಕಾಣುವಂತೆ ಫೋಟೊ ತೆಗೆದಳು.

ಆ ಚಿತ್ರವೂ ಗೋಡೆ ಸೇರಿತು. ಟೈಲರಮ್ಮ ಹೇಳಿದ ಜಾಗಕ್ಕೇ ಮೊಳೆ ಹೊಡೆದದ್ದು: ಬೆಕ್ಕಿಗಿಂತ ಒಂದು ಗೇಣು ಕೆಳಗೆ.