ರೇಸಿನ ಹುಡುಗನ ಹಿಂದಿನ ಸೀಟು

ಕಳೆದ ಭಾನುವಾರ ನಾನು ದೇಶದ ಅತಿ ವೇಗದ ಬೈಕ್ ಸವಾರರಲ್ಲಿ ಒಬ್ಬನ ಹಿಂದೆ ಕೂತು ಶಹಾಪುರದಿಂದ ಸುರಪುರಕ್ಕೆ ಹೋದೆ. ದಾರಿಯಲ್ಲಿ ನಮ್ಮನ್ನು ಹಿಂದೆ ಹಾಕಿದವರು ಯಾರ್ಯಾರು ಗೊತ್ತೆ? ಮೊಪೆಡ್ಡಿನ ಎರಡೂ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡ ಒಬ್ಬರು ಯಜಮಾನರು. ಹತ್ತಿ ತುಂಬಿದ ಟ್ರ್ಯಾಕ್ಟರ್. ಉಸಿರಾಡಲೂ ಜಾಗವಿಲ್ಲದಂತೆ ಜನ ತುಂಬಿದ ಟಂಟಂ ಆಟೊ. ನಡುವೆ ಮೇಕೆಯನ್ನು ಕೂರಿಸಿಕೊಂಡ ದಂಪತಿ. (ಮೇಕೆ ತಿರುಗಿ ನಮ್ಮನ್ನೇ ನೋಡಿತು. ಅದರ ಕಣ್ಣಲ್ಲಿ ಕನಿಕರವಿತ್ತು.)

ಊರು ದಾಟಿ ಎಷ್ಟೋ ಹೊತ್ತಾದರೂ ಬೆಟ್ಟದ ಬಂಡೆಗಳಲ್ಲೇ ಮೂಡಿ ಮಲಗಿದಂತೆ ಕಾಣುವ ನಮ್ಮೂರ ಬುದ್ಧ ಕಣ್ಣಿಂದ ಮರೆಯಾಗಲೊಲ್ಲ. ಮಲಗಿದಲ್ಲಿಂದಲೇ ಅವನೂ ನಮ್ಮನ್ನು ಓವರ್‌ಟೇಕ್ ಮಾಡಿಯಾನು ಅನ್ನಿಸಿತು.

ಹುಡುಗನ ಹೆಸರು ಮೌನೇಶ. ನಮ್ಮ ಪಕ್ಕದ ಮನೆಯ ಭೀಮರಾಯನ ಮಗ. ಹೈದರಾಬಾದಿನ ಗ್ಯಾರೇಜಿಗೆ ಕೆಲಸಕ್ಕೆ ಹೋದವನು ಅಲ್ಲಿಂದ ಒಂದು ರೇಸಿಂಗ್ ಟೀಮಿಗೆ ಮೆಕ್ಯಾನಿಕ್ ಆದ. ರಿಪೇರಿ ಮಾಡಿದ ಗಾಡಿಯನ್ನು ಒಂದು ಸುತ್ತು ನೋಡಿ ಬಾ ಎಂದು ಕಳಿಸಿದರೆ, ಅದನ್ನು ಓಡಿಸಬೇಕಾದವನಿಗಿಂತ ಬೇಗ ಸುತ್ತಿ ಬಂದನಂತೆ. ಈಗ ಅವನೇ ಸವಾರ.

ಬೈಕ್ ರೇಸ್ ಎಂದೊಡನೆ ಸೈಲೆನ್ಸರ್ ಕಿತ್ತು ಓಣಿಯ ನಿದ್ದೆ ಕೆಡಿಸುವ ಮಹನೀಯರು ನಿಮ್ಮ ಕಣ್ಣ ಮುಂದೆ ಬಂದಿರಬಹುದು. ಅವರಲ್ಲ. ಇದು ಸಂಬಳದ ನೌಕರಿ. ಚೆನ್ನೈ, ಕೊಯಮತ್ತೂರು ಕಡೆ ಇದಕ್ಕೆಂದೇ ಕಟ್ಟಿದ ಟ್ರ್ಯಾಕ್‌ಗಳಿವೆ. ಮಳೆಗಾಲದಲ್ಲಿ ಶುರುವಾಗಿ ಚಳಿ ಬೀಳುವ ಹೊತ್ತಿಗೆ ಮುಗಿಯುವ ಸೀಸನ್ನು. ರೌಂಡಿಗೆ ಇಷ್ಟು ಅಂತ ಪಾಯಿಂಟು. ವರ್ಷದ ಕೊನೆಗೆ ಪಾಯಿಂಟು ಕಮ್ಮಿಯಾದರೆ ಮರುವರ್ಷ ಟೀಮಿನಲ್ಲಿ ಸೀಟು ಇಲ್ಲ. ನಮ್ಮ ರಾಜಕಾರಣಿಗಳಿಗೂ ಇಂಥದ್ದೊಂದು ಸೀಸನ್ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಈ ಸಲದ ಸೀಸನ್ನನ್ನು ನಮ್ಮ ಓಣಿ ಭೀಮರಾಯನ ಮನೆಯ ಟಿವಿಗೆ ಮೊಬೈಲ್ ಜೋಡಿಸಿ ನೋಡಿತು. ನೋಡಿತು ಅನ್ನುವುದು ಗೌರವದ ಮಾತು. ನಮಗೆ ಹೆಚ್ಚಾಗಿ ಕಂಡದ್ದು ನೆಟ್ ನಿಂತಾಗ ತೆರೆಯ ನಡುವೆ ತಿರುಗುವ ಬಿಳಿ ಚಕ್ರ. ಅದು ಹೊಡೆದಷ್ಟು ಸುತ್ತನ್ನು ಯಾವ ಬೈಕೂ ಹೊಡೆಯಲಿಲ್ಲ. ಮೊದಲ ರೌಂಡಿನಲ್ಲಿ ಹುಡುಗ ಮೂರನೆಯವನಾಗಿ ಬಂದ. ಎರಡನೆಯದರಲ್ಲಿ ಬಿದ್ದ.

ಬಿದ್ದದ್ದು ಹೀಗೆ. ತಿರುವಿನಲ್ಲಿ ಜಾರಿದ, ಜಲ್ಲಿಯ ಮೇಲೆ ಉರುಳಿದ, ಎದ್ದ, ಮೈ ಕೊಡವಿಕೊಂಡು ಬೈಕಿನ ಕಡೆ ನಡೆದ. ಅಷ್ಟೇ. ಆದರೆ ವಾಟ್ಸಾಪಿನಲ್ಲಿ ಓಡಾಡಿದ ವಿಡಿಯೋದಲ್ಲಿ ಯಾರೋ ಪುಣ್ಯಾತ್ಮರು ಏಳುವ ಭಾಗವನ್ನು ಕತ್ತರಿಸಿದ್ದರು. ಬೀಳುವುದನ್ನು ಮಾತ್ರ ಜಿಲ್ಲೆಯೆಲ್ಲ ನೋಡಿತು. ನಾನು ನಿವೃತ್ತ ವಿಮಾ ಏಜೆಂಟ್. ಯಾದಗಿರಿಯಿಂದ ಇಬ್ಬರು ನನಗೆ ಫೋನ್ ಮಾಡಿ, ಹುಡುಗನ ಮನೆಯವರಿಗೆ ಕ್ಲೇಮ್ ಬರ್ತದೇನ್ರಿ ಎಂದು ವಿಚಾರಿಸಿದರು. ಹುಡುಗ ಆಗ ಚೆನ್ನೈಯಲ್ಲಿ ಇಡ್ಲಿ ತಿನ್ನುತ್ತಿದ್ದ.

ಆ ವಿಡಿಯೋ ಸುರಪುರದ ಸಿದ್ದಣ್ಣನ ಮೊಬೈಲಿಗೂ ಹೋಯಿತು. ಕಷ್ಟ ಶುರುವಾದದ್ದು ಅಲ್ಲಿಂದ.

ಸಿದ್ದಣ್ಣನದು ಸುರಪುರದಲ್ಲಿ ಗೊಬ್ಬರದ ಅಂಗಡಿ, ನಮ್ಮೂರಿಂದ ಹೋಗುವ ದಾರಿಯಲ್ಲಿ ಹತ್ತಿಗೂಡೂರಿನ ಈಚೆ ಒಂದಿಷ್ಟು ಹೊಲ. ಒಬ್ಬಳೇ ಮಗಳು ರೇಣುಕಾ, ದವಾಖಾನೆಯಲ್ಲಿ ನರ್ಸ್. ಅವಳಿಗೂ ಮೌನೇಶನಿಗೂ ಮದುವೆಯ ಮಾತುಕತೆ ಮುಗಿದಿತ್ತು. ಸಕ್ಕರೆ ಮಾತ್ರ ಬಾಕಿ. ನಮ್ಮ ಕಡೆ ಸಂಬಂಧ ಗಟ್ಟಿಯಾಗುವುದು ಸಕ್ಕರೆಯಿಂದ. ಗಂಡಿನವರು ಒಯ್ದ ಸಕ್ಕರೆಯನ್ನು ಹೆಣ್ಣಿನ ಅಪ್ಪ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಆಮೇಲೆ ಮಾತು ವಾಪಸ್ ಇಲ್ಲ. ವಿಡಿಯೋ ನೋಡಿದ ಸಿದ್ದಣ್ಣ ಬಾಯಿ ಮುಚ್ಚಿಕೊಂಡುಬಿಟ್ಟ. ಕೊನೆಗೆ ಹೇಳಿ ಕಳಿಸಿದ: ಹುಡುಗ ಬರಲಿ, ರೇಸ್ ಬಿಡುತ್ತೇನೆಂದು ನನ್ನ ಮುಂದೆ ಹೇಳಲಿ, ಆಮೇಲೆ ಸಕ್ಕರೆ.

ಸೀಸನ್ನಿನ ಕೊನೆಯ ರೌಂಡ್ ಇನ್ನೂ ಉಳಿದಿತ್ತು. ಅದರಲ್ಲಿ ಚೆನ್ನಾಗಿ ಓಡಿಸಿದರೆ ಮುಂದಿನ ವರ್ಷದ ಸೀಟು ಗ್ಯಾರಂಟಿ. ಓಡಿಸಿದರೆ ಹುಡುಗಿ ಇಲ್ಲ.

ಭೀಮರಾಯನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹಿರಿಯರು ಅಂತ ನೀವೇ ಹೋಗಿ ಬರ್ರಿ ಎಂದು ಸಕ್ಕರೆಯ ಪ್ಯಾಕೆಟ್ಟನ್ನು ನನ್ನ ಕೈಗಿಟ್ಟ. ಬಸ್ಸಿಗೆ ಹೋಗೋಣವೆಂದೆ. ಹುಡುಗ ಬೈಕ್ ತೆಗೆದ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ಪಾಲಿಸಿ ಕಾಗದ ಎಲ್ಲಿ ಇಟ್ಟೀರಿ?"

ನಲವತ್ತು ವರ್ಷ ಮನೆಮನೆಗೆ ಹೋಗಿ, ನಾಳೆ ನಿಮಗೇನಾದರೂ ಆದರೆ ಎಂದು ಜನರನ್ನು ಹೆದರಿಸಿ ಅನ್ನ ಉಂಡವನು ನಾನು. ಮೊದಲ ಬಾರಿಗೆ ಆ ವಾಕ್ಯದ ಭಾರ ನನಗೆ ತಿಳಿಯಿತು.

ಹುಡುಗ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ. ಟೈರ್ ಒತ್ತಿದ, ಚೈನ್ ಮುಟ್ಟಿದ, ಕನ್ನಡಿ ಒರೆಸಿದ. ತನ್ನ ರೇಸಿನ ಹೆಲ್ಮೆಟ್ ತಾನು ಹಾಕಿಕೊಂಡು, ನನ್ನ ತಲೆಗೊಂದು ಹೆಲ್ಮೆಟ್ ಹಾಕಿ ಗದ್ದದ ಕೆಳಗೆ ಪಟ್ಟಿ ಬಿಗಿದ. (ನಮ್ಮಲ್ಲಿ ಹೆಲ್ಮೆಟ್ ಹಾಕುವುದು ಯಾದಗಿರಿಯಲ್ಲಿ ಪೊಲೀಸರು ಕಂಡಾಗ, ಅದೂ ಅವರ ಮನಸ್ಸಿಗೆ ನೋವಾಗದಿರಲಿ ಎಂದು.) ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದೆ. ಕಣ್ಣು ತೆರೆದಾಗ ಇನ್ನೂ ನಮ್ಮ ಓಣಿಯಲ್ಲೇ ಇದ್ದೆವು.

ಆಮೇಲಿನದನ್ನು ಮೇಕೆಯ ಸಮೇತ ಹೇಳಿದ್ದೇನೆ.

ಸ್ವಲ್ಪ ದೂರ ಹೋದ ಮೇಲೆ ನನಗೇ ತಡೆಯಲಾಗಲಿಲ್ಲ. ಏನಪ್ಪಾ, ಟ್ರ್ಯಾಕ್ ಮೇಲೆ ಗಾಳಿಗಿಂತ ಜೋರು ಹೋಗುವವನು ಇಲ್ಲಿ ಯಾಕೆ ಹೀಗೆ ಎಂದು ಕೇಳಿದೆ.

"ಅಲ್ಲಿ ಎಲ್ಲಾರೂ ಒಂದೇ ಕಡೆ ಹೋಗ್ತಾರ ಕಾಕಾ," ಎಂದ. "ನಾಯಿ ಬರಂಗಿಲ್ಲ, ಎಮ್ಮಿ ಬರಂಗಿಲ್ಲ. ಬಿದ್ರ ಎತ್ತಾಕ ಡಾಕ್ಟ್ರು ನಿಂತಿರ್ತಾರ. ಇಲ್ಲಿ ಯಾರು ಎತ್ತಾಗ ಹೊಂಟಾರಂತ ಅವರಿಗೇ ಗೊತ್ತಿರಂಗಿಲ್ಲ. ನನಗ ಈ ರೋಡ್ ಅಂದ್ರ ಅಂಜಿಕಿ."

ಹತ್ತಿಗೂಡೂರಿಗೆ ಮುಂಚಿನ ತಿರುವಿನಲ್ಲಿ ಹಿಂದಿನಿಂದ ಹಾರ್ನ್ ಶುರುವಾಯಿತು. ಬಿಡದ ಹಾರ್ನ್. ಎದುರಿಗೆ ಲಾರಿ ಬರುತ್ತಿತ್ತು. ನಮ್ಮ ಬಲಕ್ಕೆ ಒಂದು ಬೈಕ್ ನುಗ್ಗಿತು. ಓಡಿಸುವಾತ ಹೆಗಲಿಗೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡಿದ್ದ. ಹಿಂದೆ ಅಡ್ಡಲಾಗಿ ಕೂತ ಹೆಣ್ಣುಮಗಳು, ಮುಖಕ್ಕೆ ಸೆರಗು. ಟ್ಯಾಂಕಿನ ಮೇಲೆ ಬದನೆಕಾಯಿ ತುಂಬಿದ ಹಳದಿ ಚೀಲ. ಅಷ್ಟರ ನಡುವೆಯೂ ಆತ ನಮ್ಮತ್ತ ಕತ್ತು ಹೊರಳಿಸಿ ಕೂಗಿದ.

"ಹೆಣ ಹೊತ್ಕೊಂಡು ಹೊಂಟೀಯೇನಲೇ?"

ಹೆಣ ಅಂದರೆ ನಾನು.

ಮೌನೇಶ ಪಕ್ಕಕ್ಕೆ ಸರಿದು ಬ್ರೇಕ್ ಹಾಕಿದ. ನಾನು ಕೈಚೀಲವನ್ನು ಎದೆಗವಚಿಕೊಂಡೆ. ಒಳಗೆ ಏನೋ ಪಟ್ ಎಂದಿತು. ಲಾರಿ ಬೈಯುತ್ತಾ ಹೋಯಿತು. ಯಾರೆಂದು ನೋಡುವಷ್ಟರಲ್ಲಿ ಬದನೆಕಾಯಿ ಚೀಲ ಕಾಣದಾಗಿತ್ತು.

ಹೇಳಿದರೆ ನಗಬೇಡಿ, ಈ ಅವಸರವನ್ನು ನೋಡಿ ನೋಡಿ ನನಗೆ ಸುಸ್ತಾಗಿದೆ. ಇಷ್ಟು ಜನ ಇಷ್ಟು ಜೋರಾಗಿ ಎಲ್ಲಿಗೆ ಹೋಗುತ್ತಾರೆ? ಅಂದು ಉತ್ತರ ಸಿಕ್ಕಿತು. ಹತ್ತಿಗೂಡೂರ ಕ್ರಾಸಿನ ಚಹಾದಂಗಡಿಗೆ. ನಮ್ಮನ್ನು ಹಿಂದೆ ಹಾಕಿದವರಲ್ಲಿ ಅರ್ಧ ಜನ ಅಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೇಕೆಯೂ ಇತ್ತು.

ನಾವೂ ಇಳಿದೆವು. ಹುಡುಗ ಚಹಾದ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತ. ಆಮೇಲೆ, "ಬಿಡ್ತೀನಂತ ಹೇಳಿಬಿಡ್ತೀನಿ ಕಾಕಾ," ಎಂದ.

ಕೊನೆಯ ರೌಂಡ್?

"ಅದನ್ನೂ." ಚಹಾ ಆರಿಹೋಗಿತ್ತು. ಅದನ್ನು ಹಾಗೇ ಇಟ್ಟು ಎದ್ದ. ವರ್ಷವಿಡೀ ಜೀವ ತೇಯ್ದು ಗಳಿಸಿದ್ದನ್ನು ಬಿಡುತ್ತೇನೆಂದು ಹೇಳಲು ಹೊರಟವನು, ಮುಂದೆಯೂ ಅಷ್ಟೇ ನಿಧಾನವಾಗಿ, ಪ್ರತಿ ತಿರುವಿಗೂ ಇಂಡಿಕೇಟರ್ ಹಾಕಿ ಓಡಿಸಿದ. ಆ ಇಂಡಿಕೇಟರನ್ನು ನೋಡಿ ದಾರಿಹೋಕರು ಗಾಡಿ ಕೆಟ್ಟಿದೆಯೆಂದು ತಿಳಿದರೋ ಏನೋ.

ಸುರಪುರದಲ್ಲಿ ಸಿದ್ದಣ್ಣನ ಮನೆಯ ಮುಂದೆ ಇಳಿದೆವು. ಕಟ್ಟೆಗೆ ಒರಗಿಸಿ ಒಂದು ಬೈಕ್ ನಿಂತಿತ್ತು. ಅದರ ಹ್ಯಾಂಡಲಿಗೆ ಹಳದಿ ಚೀಲ. ಚೀಲದಿಂದ ಇಣುಕುತ್ತಿದ್ದದ್ದು ಬದನೆಕಾಯಿ.

ನಾನು ಹುಡುಗನ ಮುಖ ನೋಡಿದೆ. ಅವನು ನನ್ನ ಕೈ ಒತ್ತಿದ, ಏನೂ ಅನ್ನಬೇಡಿ ಎಂಬಂತೆ. ಮಾತು ಕೂಡಿಸಲು ಹೋದವನು ಏನು ತಾನೇ ಅಂದಾನು?

ಸಿದ್ದಣ್ಣ ಬಹಳ ಮರ್ಯಾದೆಯಿಂದ ಬರಮಾಡಿಕೊಂಡ. ತಡವಾಯಿತಲ್ಲ ಎಂದ. ನಿಮಗೆಂದೇ ಹೊಲದಿಂದ ಎಳೆಯ ಬದನೆಕಾಯಿ ಕಿತ್ತುಕೊಂಡು ಬಂದೆವು, ನೀವೆಲ್ಲಿದ್ದೀರಿ ಅಂತ ಕೇಳಲು ಹಾದಿಯಲ್ಲೇ ಭೀಮರಾಯನಿಗೆ ಫೋನ್ ಹಚ್ಚಿದ್ದೆ ಎಂದ. ನಾವೆಲ್ಲಿದ್ದೆವೆಂದು ಅವನಿಗೆ ಹೇಳಬೇಕೆನ್ನಿಸಿತು. ನೀರು ಕುಡಿದೆ.

ಆಮೇಲೆ ಪ್ರವಚನ. ಜೀವ ದೊಡ್ಡದು. ವೇಗ ಒಳ್ಳೆಯದಲ್ಲ. ಇರುವವಳು ಒಬ್ಬಳೇ ಮಗಳು. ಅವನ ದನಿ ಒಂದೆರಡು ಕಡೆ ಒಡೆಯಿತು. ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಭಯವಿತ್ತು. ನನ್ನ ಕಡೆ ತಿರುಗಿದ. "ಏಜೆಂಟ್ರ, ನೀವೇ ಹೇಳ್ರಿ. ಇಂಥವನ ಕೈಯಾಗ ನಿಮ್ಮ ಮಗಳನ್ನ ಕೊಡ್ತಿದ್ರೇನು?"

ನನಗಿರುವವರು ಗಂಡುಮಕ್ಕಳು ಎಂದು ತಪ್ಪಿಸಿಕೊಂಡೆ.

"ಹೇಳು ತಮ್ಮಾ," ಎಂದ ಸಿದ್ದಣ್ಣ ಮೌನೇಶನಿಗೆ. "ಬಿಡ್ತೀಯೋ ಇಲ್ಲೋ?"

ಹುಡುಗ ತೊಡೆಯ ಮೇಲಿದ್ದ ಹೆಲ್ಮೆಟ್ಟನ್ನು ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಒಳಬಾಗಿಲಿನಿಂದ ರೇಣುಕಾ ಮಾತಾಡಿದಳು. ಕೈಯಲ್ಲಿ ಚಹಾದ ತಟ್ಟೆ ಹಾಗೇ ಇತ್ತು.

"ಅಪ್ಪಾ, ಹೆಣ ಹೊತ್ಕೊಂಡು ಹೊಂಟೀಯೇನಂತ ಬೈದೆಲ್ಲ, ಅದು ಇವರಿಗೆ. ಆ ಹೆಲ್ಮೆಟ್ ನನಗ ಗುರ್ತು ಅದ. ಫೋನಿನ್ಯಾಗ ದಿನಾ ನೋಡ್ತೀನಿ."

ಸಿದ್ದಣ್ಣ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ.

"ಇವರ ಎಲ್ಲಾ ರೇಸ್ ನೋಡೀನಿ. ಬಿದ್ದದ್ದೂ ನೋಡೀನಿ, ಎದ್ದದ್ದೂ ನೋಡೀನಿ. ಒಮ್ಮಿನೂ ಕಣ್ಣು ಮುಚ್ಚಿಲ್ಲ." ತಟ್ಟೆಯನ್ನು ಕೆಳಗಿಟ್ಟಳು. "ಇವತ್ತು ಆ ಲಾರಿ ಬಂದಾಗ, ನಿನ್ನ ಹಿಂದ ಕುಂತು, ಮುಚ್ಚಿಕೊಂಡೆ."

ಸಿದ್ದಣ್ಣ ಹೆಲ್ಮೆಟ್ ನೋಡಿದ, ಹೊರಗೆ ನಿಂತ ತನ್ನ ಬೈಕ್ ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಹಂಗಾರ ಹೆಣ ಅಂದದ್ದು ನಿಮಗೇನ್ರಿ?"

ನನಗೇ ರೀ ಎಂದೆ.

"ತಪ್ಪು ತಿಳ್ಕೋಬ್ಯಾಡ್ರಿ," ಎಂದ. ಆಮೇಲೆ ಮಗಳ ಕಡೆ ನೋಡದೆ, "ಓಡಿಸ್ಲಿ. ಸಕ್ರಿ ತಗೀರಿ," ಎಂದ.

ಚೀಲಕ್ಕೆ ಕೈ ಹಾಕಿದೆ. ತಿರುವಿನಲ್ಲಿ ಪಟ್ ಎಂದದ್ದು ಅದೇ. ಪ್ಯಾಕೆಟ್ ಒಡೆದು ಸಕ್ಕರೆಯೆಲ್ಲ ಚೀಲದ ತಳಕ್ಕಿಳಿದಿತ್ತು. ಅಲ್ಲಿದ್ದ ನನ್ನ ಎಲೆಯಡಿಕೆ, ಬಿ.ಪಿ. ಗುಳಿಗೆ, ಬೇಡವೆಂದರೂ ಹೆಂಡತಿ ಹಾಕಿದ್ದ ನೋವಿನ ಮುಲಾಮು, ಎಲ್ಲಕ್ಕೂ ಸಿಹಿ ಮೆತ್ತಿತ್ತು. ಯಾವ ಬೀಗರ ಬಾಯಿಗೂ ಹಾಕುವಂತಿರಲಿಲ್ಲ. ಹೆಣ್ಣಿನ ಮನೆಯ ಸಕ್ಕರೆ ನಡೆಯುವುದಿಲ್ಲ, ಗಂಡಿನವರು ತಂದದ್ದೇ ಆಗಬೇಕು. ಮೌನೇಶ ಎದ್ದು ನಿಂತ, ಅಂಗಡಿಗೆ ಹೋಗಿ ಬರುತ್ತೇನೆಂದು.

"ನೀ ಕುಂದ್ರು. ನೀ ಹ್ವಾದ್ರ ಸಂಜಿ ಆಗ್ತದ," ಎಂದ ಸಿದ್ದಣ್ಣ. "ನಿಮ್ಮ ಹೆಸರಿಲೆ ನಾನೇ ತರ್ತೀನಿ."

ಸಂಪ್ರದಾಯದಲ್ಲಿ ಇದಕ್ಕೆ ಅವಕಾಶವಿದೆಯೇ ಎಂದು ಯೋಚಿಸುವಷ್ಟರಲ್ಲಿ ಅವನು ಬೈಕ್ ಹತ್ತಿರವಿದ್ದ. ಮೌನೇಶ ಹಿಂದೆಯೇ ಹೋಗಿ, ತನ್ನ ಹೆಲ್ಮೆಟ್ಟನ್ನು ಮುಂದೆ ಹಿಡಿದ. ಸೀಸನ್ನಿಡೀ ಅವನ ತಲೆ ಕಾಯ್ದ ಹೆಲ್ಮೆಟ್ಟು. ಬಾಗಿಲಲ್ಲಿ ನಿಂತ ಮಗಳು ನೋಡುತ್ತಿದ್ದಳು. ಸಿದ್ದಣ್ಣ ಅದನ್ನು ಎರಡೂ ಕೈಯಿಂದ, ದೇವರ ಪ್ರಸಾದದಂತೆ ತೆಗೆದುಕೊಂಡ.

ತೆಗೆದುಕೊಂಡು, ಮೊಣಕೈಗೆ ಸಿಕ್ಕಿಸಿಕೊಂಡು, ಕಿಕ್ ಹೊಡೆದು ಹೋದ.

ಸಕ್ಕರೆ ಬಂತು. ಎಲ್ಲರೂ ಬಾಯಿ ಸಿಹಿ ಮಾಡಿಕೊಂಡೆವು. (ನನಗೆ ಶುಗರ್ ಇದೆ. ಸಂಬಂಧಕ್ಕಾಗಿ ಅದನ್ನೂ ಸಹಿಸಿದೆ.) ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿತ್ತು. ಮರಳುವಾಗ ಮತ್ತೆ ಎಲ್ಲರೂ ನಮ್ಮನ್ನು ಹಿಂದೆ ಹಾಕಿದರು. ಈ ಸಲ ಯಾರೂ ಏನೂ ಅನ್ನಲಿಲ್ಲ, ಅಥವಾ ಹೆಲ್ಮೆಟ್ಟಿನೊಳಗೆ ನನಗೆ ನಿದ್ದೆ ಬಂದಿತ್ತು.

ಮುಂದಿನ ವಾರ ಕೊನೆಯ ರೌಂಡ್. ಓಣಿಯವರು ಹುಡುಗನಿಗೆ ಏನಾದೀತೋ ಎಂದು ಈಗಲೇ ಹರಕೆ ಹೊರುತ್ತಿದ್ದಾರೆ. ಟ್ರ್ಯಾಕಿನ ಬಗ್ಗೆ ನನಗೇನೂ ಚಿಂತೆಯಿಲ್ಲ. ಆದರೆ ಅಲ್ಲಿಗೆ ಹೋಗಬೇಕಾದರೆ ಅವನು ಮೊದಲು ನಮ್ಮ ಶಹಾಪುರದ ಬಸ್ ಸ್ಟ್ಯಾಂಡಿನ ಮುಂದೆ ರಸ್ತೆ ದಾಟಬೇಕಲ್ಲ?