ಇಪ್ಪತ್ತು ವರ್ಷ ಹೇಳಿದ ಸಾಕ್ಷಿ

ನಮ್ಮ ಪ್ರಾರ್ಥನಾ ಕೂಟ ಪ್ರತಿ ವಾರ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಒಮ್ಮೆ ಬೇಲೂರು, ಒಮ್ಮೆ ಹಳೇಬೀಡು, ಒಮ್ಮೆ ಹಗರೆ. ಹಾಡು ಮುಗಿದ ಮೇಲೆ ಯಾರಾದರೂ ಎದ್ದು, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳಬೇಕು. ಅದನ್ನು ಸಾಕ್ಷಿ ಎನ್ನುತ್ತೇವೆ. ಇಪ್ಪತ್ತು ವರ್ಷ ನನ್ನದು ಒಂದೇ ಸಾಕ್ಷಿಯಾಗಿತ್ತು.

ನನಗಾಗ ಹನ್ನೊಂದು ವರ್ಷ. ಜ್ವರದಲ್ಲಿ ಎಚ್ಚರ ತಪ್ಪಿದ ಅಮ್ಮನನ್ನು ಅರಸೀಕೆರೆಯ ಆಸ್ಪತ್ರೆಗೆ ಸೇರಿಸಿದ್ದರು. ಆ ಮಧ್ಯಾಹ್ನ ನಾನು ಆಸ್ಪತ್ರೆಯ ಹಿಂದೆ, ಕೊಬ್ಬರಿ ಗೋದಾಮಿನವರು ಸುರಿದಿದ್ದ ತೆಂಗಿನ ಸಿಪ್ಪೆಯ ರಾಶಿಯ ಮರೆಯಲ್ಲಿ ಮಂಡಿಯೂರಿ, ‘ಅಮ್ಮನನ್ನು ಉಳಿಸಿಕೊಡು, ನಾನು ನಿನ್ನವನಾಗಿರುತ್ತೇನೆ’ ಎಂದೆ. ಸಂಜೆ ಅಮ್ಮ ಕಣ್ಣು ಬಿಟ್ಟಳು. ಕೂಟದಲ್ಲಿ ಇದನ್ನು ಹೇಳುತ್ತ, ಮಂಡಿಗೆ ಸಿಪ್ಪೆಯ ನಾರು ಚುಚ್ಚಿದ ಮಾತು ಬಂದಾಗ ನನ್ನ ದನಿ ತಾನಾಗಿ ಇಳಿಯುತ್ತಿತ್ತು. ಜನ ‘ಸ್ತೋತ್ರ’ ಎನ್ನುತ್ತಿದ್ದರು.

ವಿಶ್ವವಿದ್ಯಾಲಯದ ಓದು ನನಗೆ ಎಲ್ಲವನ್ನೂ ಅನುಮಾನಿಸುವುದನ್ನು ಕಲಿಸಿತ್ತು. ಇದೊಂದನ್ನು ಮಾತ್ರ ಮುಟ್ಟಿರಲಿಲ್ಲ. ಆ ಮಧ್ಯಾಹ್ನವಿದೆಯಲ್ಲ ಎಂಬ ಧೈರ್ಯದಲ್ಲಿ, ಕೂಟದ ದಿನ ಬಿಟ್ಟರೆ ಬೈಬಲ್ ತೆರೆಯುತ್ತಿರಲಿಲ್ಲ. ಒಬ್ಬನೇ ಕೂತು ಪ್ರಾರ್ಥಿಸಿ ಎಷ್ಟು ವರ್ಷವಾಗಿತ್ತೋ.

ಹೋದ ವರ್ಷ ಅಮ್ಮನ ತಂಗಿ ಮೈಸೂರು ಬಿಟ್ಟು ಬೇಲೂರಿಗೆ ಬಂದು ನೆಲೆಸಿದರು. ಅವರ ಮನೆಯಲ್ಲಿ ಕೂಟವಾದ ದಿನ ನಾನೇ ಸಾಕ್ಷಿ ಹೇಳಿದೆ. ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ಕಾಫಿ ಲೋಟ ತೊಳೆಯುತ್ತ ಕೇಳಿದರು.

“ಚೆನ್ನಾಗಿ ಹೇಳ್ದೆ ಕಣಪ್ಪ. ಆದ್ರೆ ಅವತ್ತು ಮಂಡಿ ಊರಿದ್ದು ನಿಮ್ಮಣ್ಣ ಅಲ್ವಾ?”

“ನಾನು, ಚಿಕ್ಕಮ್ಮ.”

“ನೀನಾ! ನೀನು ಸ್ಟೇಷನ್ನಲ್ಲಿ ಇಂಜಿನ್ ನೋಡ್ತಾ ಕೂತಿದ್ದೆ. ಹುಡುಕಿ ಹುಡುಕಿ ನನ್ನ ಕಾಲು ಬಿದ್ದೋಯ್ತು. ಪ್ರಾರ್ಥನೆ ಮಾಡೋ ಮುಖಾನಾ ಅದು? ಕಿವಿ ಹಿಂಡ್ಕೊಂಡು ಕರ್ಕೊಂಡ್ ಬಂದೆ. ನಿಮ್ಮಣ್ಣನ ಮಂಡಿ ತುಂಬ ನಾರು. ನಾನೇ ಒರೆಸ್ದೆ.”

ನಕ್ಕು ಹೊರಟೆ. ವಯಸ್ಸಾಗಿದೆ, ಮರೆತಿದ್ದಾರೆ ಅಂದುಕೊಂಡೆ. ಆದರೂ ಮರುದಿನ ಅರಸೀಕೆರೆ ಬಸ್ಸು ಹತ್ತಿದೆ. ಸಿಪ್ಪೆ ಸುರಿಯುತ್ತಿದ್ದ ಜಾಗದಲ್ಲಿ ಬೈಕುಗಳು ನಿಂತಿದ್ದವು. ಅಲ್ಲಿ ನಿಂತಾಗ ಮಂಡಿಗೆ ನಾರು ಚುಚ್ಚಿದ್ದು ಮೊದಲಿನಂತೆಯೇ ನೆನಪಾಯಿತು. ಅದರ ಜೊತೆಗೇ ಸ್ಟೇಷನ್ನಿನ ಕಲ್ಲುಬೆಂಚಿನ ಬಿಸಿಯೂ ಕಿವಿಯ ಉರಿಯೂ ಅಷ್ಟೇ ನಿಚ್ಚಳವಾಗಿ ಬಂದವು. ಅವು ಚಿಕ್ಕಮ್ಮ ಹೇಳಿದ ಮೇಲೆ ಹುಟ್ಟಿದವೋ, ಮೊದಲಿನಿಂದ ಇದ್ದವೋ? ಕೇಳಲು ಅಮ್ಮ ಇಲ್ಲ. ಅಣ್ಣ ತೀರಿಕೊಂಡೂ ನಾಲ್ಕು ವರ್ಷವಾಯಿತು.

ನಾನು ಮೊದಲ ಸಲ ಸಾಕ್ಷಿ ಹೇಳಿದ ದಿನ ಅಣ್ಣ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದ. ಎಲ್ಲರಿಗಿಂತ ಮೊದಲು ‘ಆಮೆನ್’ ಅಂದವನು ಅವನೇ. ಅವನು ತನ್ನ ಸಾಕ್ಷಿ ಹೇಳಿದ್ದು ನನಗೆ ನೆನಪಿಲ್ಲ. ಕೊನೆಯ ಕಾಯಿಲೆಯಲ್ಲಿ ಒಮ್ಮೆ ಕೇಳಿದ್ದ:

“ನೀನು ಪ್ರಾರ್ಥನೆ ಮಾಡ್ತೀಯೇನೋ?”

“ಆಗ್ಲೇ ಮಾಡಿದ್ದೀನಲ್ಲಣ್ಣ, ಅಮ್ಮನಿಗೆ!” ಎಂದು ನಕ್ಕಿದ್ದೆ.

ಅವನು ನನ್ನ ಮಂಡಿಯ ಕಡೆ ನೋಡಿದ ಎಂದು ಈಗ ಅನಿಸುತ್ತದೆ. ನೋಡಿರಲಿಕ್ಕಿಲ್ಲ. ಆದರೂ ಅರಸೀಕೆರೆಗೆ ಹೋಗಿಬಂದಂದಿನಿಂದ ಯಾರ ಮನೆಗೆ ಹೋದರೂ ನನ್ನ ಕಣ್ಣು ಬಾಗಿಲ ಪಕ್ಕದ ಗೋಡೆಯನ್ನು ಹುಡುಕುತ್ತದೆ. ಅಲ್ಲಿ ಯಾರೂ ಕೂತಿರದಿದ್ದರೆ ಇನ್ನೂ ಕಷ್ಟ.

ಮುಂದಿನ ಕೂಟ ಹಗರೆಯಲ್ಲಿ, ಹಸು ಸಾಕಿಕೊಂಡಿರುವ ಒಂದು ಮನೆಯಲ್ಲಿತ್ತು. ಚಿಕ್ಕಮ್ಮನೂ ಬಂದಿದ್ದರು. ಹಾಡು ಮುಗಿಯಿತು. ಪಾಸ್ಟರ್ ನನ್ನತ್ತ ತಿರುಗಿ, “ಮೇಷ್ಟ್ರೇ, ನಿಮ್ಮ ಸಾಕ್ಷಿ” ಎಂದರು.

“ಆ ತೆಂಗಿನ ಸಿಪ್ಪೇದು ಹೇಳಿ ಸಾ, ಚೆನ್ನಾಗೈತೆ” ಎಂದ ಮನೆಯ ಯಜಮಾನ.

ಎದ್ದು ನಿಂತೆ. ಇಪ್ಪತ್ತು ವರ್ಷದ ರೂಢಿ. ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

“ಅದು ನಮ್ಮಣ್ಣನದು ಇರಬೇಕು. ನನ್ನದು ಅಂತ ಹೇಳೋಕೆ ಏನೂ ಇಲ್ಲ.”

ಕೊಟ್ಟಿಗೆಯಲ್ಲಿ ಹಸು ಕೊರಳ ಸರಪಳಿ ಒದರಿತು. ಚಿಕ್ಕಮ್ಮ ನನ್ನ ಅಂಗಿಯ ತುದಿ ಜಗ್ಗಿದರು.

“ನಿಂತೇ ಇರ್ತೀಯೇನೋ? ಊರು ಮಂಡಿ.”

ಊರಿದೆ. ಸಿಮೆಂಟಿನ ನೆಲ ತಣ್ಣಗಿತ್ತು, ಏನೂ ಚುಚ್ಚಲಿಲ್ಲ. ‘ಕರ್ತನೇ’ ಎಂದೆ. ಬಾಗಿಲ ಕಡೆಯಿಂದ ‘ಆಮೆನ್’ ಕೇಳಿಸೀತೆಂದು ಬೆನ್ನೆಲ್ಲ ಕಿವಿಯಾಗಿತ್ತು. ಕೇಳಿಸಲಿಲ್ಲ. ನಾನಿನ್ನೂ ಏನನ್ನೂ ಬೇಡಿರಲಿಲ್ಲ.