ಫಕ್ಕೀರವ್ವನ ಒಡಪು

ಗೋಡೆಯಾಚೆಯಿಂದ ಒಬ್ಬ ಹೆಂಗಸಿನ ದನಿ ಕೇಳಿಸಿತು. ರೊಟ್ಟಿ ಬಡಿಯುತ್ತಿದ್ದ ಫಕ್ಕೀರವ್ವ ಕೈ ನಿಲ್ಲಿಸಿದಳು. ಒಡಕು ದನಿ, ಸ್ವಲ್ಪ ದಪ್ಪ. ಎಲ್ಲೋ ಕೇಳಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಮಾತು ತಿಳಿಯಿತು.

ಎರಿ ಹೊಲದಾಗ ಅರಳೈತಿ ಹತ್ತಿ ಬೆಳ್ಳಗ,
ಕೈಯಾಗ ಬಳಿ ಇಲ್ಲ, ಹೂ ಇಲ್ಲ ತುರುಬಿನೊಳಗ,
ಸತ್ತರೂ ಅದಾರ ಕಳಕಪ್ಪನವರು ನನ್ನ ಮಾತಿನೊಳಗ.

"ಕೌಸರ, ಯಾರ ಅಕಿ?"

"ನೀನ ಅಲ್ಲೇನಬೇ," ಪಕ್ಕದ ಮನೆಯ ಕೌಸರ ನಕ್ಕಳು. "ಹೋದ ತಿಂಗಳ ತೊಟ್ಟಲ ಕಾರ್ಯದಾಗ ಹೇಳಿದ್ದಿಯಲ್ಲ, ಮೊಬೈಲನ್ಯಾಗ ಹಿಡಿದಿದ್ನಿ. ಊರೂರು ತಿರಗೈತಿ. ಇವತ್ತ ನೀ ಹೊಂಟೀಯಲ್ಲ, ಆ ಹೊಂಬಳದಾಗೂ ನೋಡ್ಯಾರಂತ."

ತನ್ನ ದನಿ ಹೀಗಿದೆಯೆಂದು ಫಕ್ಕೀರವ್ವನಿಗೆ ಗೊತ್ತಿರಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ಸೀದಿತು.

ಬೆಳ್ಳಟ್ಟಿಗೆ ಸೊಸೆಯಾಗಿ ಬಂದ ಮೂರನೆಯ ಸುಗ್ಗಿಗೆ ಅವಳ ಗಂಡ ಕಳಕಪ್ಪ ತೀರಿಕೊಂಡಿದ್ದ. ಅಂದಿನಿಂದ ಹತ್ತಿ ಬಿಡಿಸುವುದು, ಶೇಂಗಾ ಸುಲಿಯುವುದು, ಪದ ಕಟ್ಟುವುದು. ಅಕ್ಷರ ಬಾರದು. ರೊಟ್ಟಿಯ ತಾಳಕ್ಕೆ ಸಾಲು ಕೂಡಿಸುತ್ತಿದ್ದಳು. ಸಾಲು ತಪ್ಪಿದರೆ ರೊಟ್ಟಿಯ ಅಂಚು ಬಿರಿಯುತ್ತಿತ್ತು. ಗಂಡನ ಹೆಸರನ್ನು ಬರಿದೇ ಹೇಳಬಾರದ ಹೆಂಗಸರು ಅದನ್ನು ಪದದಲ್ಲಿಟ್ಟು ಹೇಳುವ ಒಡಪಿಗಾಗಿ ಮದುವೆ ಗೊತ್ತಾದ ಹುಡುಗಿಯರೆಲ್ಲ ಅವಳ ಬಳಿಗೇ ಬರುತ್ತಿದ್ದರು. "ಬರೇ ಹೆಸರ ಹೇಳಿದ್ರ ಹೆಂಗಲೇ? ಅವ ನಗತಾನೋ ಇಲ್ಲೋ ಹೇಳು. ನಗದವಗ ಪದ ಹತ್ತೂದಿಲ್ಲ," ಅನ್ನುತ್ತಿದ್ದಳು.

ಆದರೆ ಗಂಡ ಸತ್ತವಳು ಒಡಪು ಹೇಳುವ ರೂಢಿ ಇರಲಿಲ್ಲ. ಎಷ್ಟೋ ವರ್ಷಗಳ ಹಿಂದೆ, ತಂಗಿಯ ಮಗಳು ಮಮತಾಳನ್ನು ತೊಟ್ಟಿಲಿಗೆ ಹಾಕಿದ ದಿನ, ಸರದಿ ಅವಳನ್ನು ದಾಟಿ ಪಕ್ಕದವಳಿಗೆ ಹೋಯಿತು. ಫಕ್ಕೀರವ್ವ ಕೂತಲ್ಲಿಂದಲೇ ತನ್ನ ಪದ ಹೇಳಿಬಿಟ್ಟಳು. ಇಬ್ಬರು ಎದ್ದು ಹೋದರು. ಆ ರಾತ್ರಿ ಕೂಸಿಗೆ ಸುಡುಸುಡು ಜ್ವರ. ಗಂಡ ಸತ್ತವಳ ನೆರಳು ತಾಗಿತು ಎಂದರು ಎದ್ದು ಹೋದವರು, ಊರೂ ಅದನ್ನೇ ಅಂದಿತು. ಫಕ್ಕೀರವ್ವ ನಕ್ಕಳು. ಆಮೇಲೆ ಕರೆದಲ್ಲಿಯೂ ಕರೆಯದಲ್ಲಿಯೂ ಹೋಗಿ ಅದೇ ಪದ ಹೇಳಿದಳು. ತಂಗಿ ಕೂಲಿಗೆ ಹೋದಾಗಲೆಲ್ಲ ಮಮತಾ ಅವಳ ಮಡಿಲಲ್ಲೇ ಬೆಳೆದಳು.

ಇವತ್ತು ಬಸುರಿಯಾದ ಆ ಮಮತಾಳ ಕುಬಸ, ಸೀಮಂತದ ಕಾರ್ಯ, ಗಂಡನ ಮನೆ ಹೊಂಬಳದಲ್ಲಿ. ಒಡಪು ಬೇಡ ಅನ್ನುವವರಿಗೆ ಏನನ್ನಬೇಕೆಂದು ಫಕ್ಕೀರವ್ವ ಟಂಟಂ ಆಟೋದಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಳು. ಆದರೆ ಮನೆ ಹೊಕ್ಕವಳು ಯಾರೂ ಏನೂ ಅನ್ನುವ ಮೊದಲೇ ಜೋಳದ ಚೀಲಗಳ ಹಿಂದೆ ಹೋಗಿ ನಿಂತಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಮಮತಾಳ ಅತ್ತೆ ನಾಗರತ್ನಾ ಅಲ್ಲಿಗೇ ಬಂದಳು. "ಅಲ್ಲ್ಯಾಕ ನಿಂತೀರಿ, ಬೀಗತಿ? ಮೊಬೈಲನ್ಯಾಗ ದೊಡ್ಡ ಬಾಯಿ, ಇಲ್ಲಿ ನೋಡಿದ್ರ ಚೀಲದ ಮರಿಗೆ. ಮುಂದ ಬರ್ರಿ. ಅದ ಒಡಪ ಹೇಳ್ರಿ."

ಜೋಡಿಸಿಟ್ಟ ಮಾತುಗಳೆಲ್ಲ ಬೇಡವಾದವು. ಬೇಡ ಅನ್ನುವವರಿದ್ದರೆ ಬಾಯಿ ತಾನೇ ತೆರೆಯುತ್ತಿತ್ತು. ಈಗ ಎಲ್ಲರೂ ದಾರಿ ಬಿಟ್ಟು ಕೂತಿದ್ದರು, ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಹಸಿರು ಸೀರೆಯ ಮಮತಾ ಕುರ್ಚಿಯಿಂದ ಕರೆದಳು. "ದೊಡ್ಡವ್ವ, ನೀ ಹೇಳದ ನಾ ಇಲ್ಲಿಂದ ಏಳಂಗಿಲ್ಲ ನೋಡು."

ಆ ಹೊಟ್ಟೆಯನ್ನು ನೋಡುತ್ತ ಫಕ್ಕೀರವ್ವ ಬಾಯಿ ತೆರೆದಳು. ಕಳಕಪ್ಪನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಬಂದದ್ದು ಬೇರೆ.

ಹೊಂಬಳದ ದಾರ್ಯಾಗ ನಿಂತೈತಿ ತೆನಿ ಹೊತ್ತ ಜ್ವಾಳ,
ಹೊತ್ತ ಹೊಟ್ಟಿಗೆ ತಾಗದಿರಲಿ ನನ್ನ ನೆರಳ,
ಹೆಸರ ಹೇಳಂದ್ರ ಮಮತಾ ಅಂತೈತಿ ನನ್ನ ಕೊರಳ.

"ಗಂಡನ ಹೆಸರ ಎಲ್ಲೋತು?" ಎಂದು ಹಿಂದಿನಿಂದ ಯಾರೋ ಅಂದರು. ಹೆಂಗಸರು ನಕ್ಕರು.

"ತಪ್ಪಿತು ಬಿಡ್ರಿ, ವಯಸ್ಸಾತು," ಎಂದಳು ನಾಗರತ್ನಾ. "ಇನ್ನೊಮ್ಮೆ ಹೇಳ್ರಿ, ಮೊದಲಿಂದ್ದು."

ತಪ್ಪಿತೇ? ಫಕ್ಕೀರವ್ವ ಮನಸ್ಸಿನಲ್ಲೇ ಸಾಲುಗಳನ್ನು ತಿರುವಿ ನೋಡಿದಳು. ತಾಳ ಎಲ್ಲೂ ಮುರಿದಿರಲಿಲ್ಲ.

ಮಮತಾ ಮಾತ್ರ ನಗಲಿಲ್ಲ. "ನನ್ನ ಎತ್ತಿ ಆಡಿಸಿದ್ದು ಯಾರ ನೆರಳು, ದೊಡ್ಡವ್ವ? ಎದ್ದು ಹೋದವ್ರ ಮಾತು ನಿನ್ನ ಬಾಯಾಗ ಹೆಂಗ ಬಂತು?"

"ನಾನೂ ಅದನ್ನ ಕೇಳಾಕತ್ತೀನಿ, ಮಗಳ. ಆವತ್ತ ನಿನಗ ಜ್ವರ ಬಂದಾಗ ನಕ್ಕಿದ್ನಿ. ಖರೇನ ನಕ್ಕಿದ್ನೋ, ಮಂದಿಗೆ ತೋರಸಾಕ ನಕ್ಕಿದ್ನೋ..."

"ಅದೆಲ್ಲ ಇರಲಿ." ಮಮತಾ ಸೆರಗು ಹರವಿ ಹಿಡಿದಳು. "ಉಡಿ ತುಂಬು. ಮೊದಲ ನೀನ."

ನಾಗರತ್ನಾ ತೆಂಗಿನಕಾಯಿಯ ತಟ್ಟೆಯನ್ನು ಮುಂದೆ ಸರಿಸಿದಳು. ಫಕ್ಕೀರವ್ವ ಒಂದು ಕಾಯಿ ಎತ್ತಿಕೊಂಡಳು, ಮತ್ತೆ ಇಟ್ಟಳು.

"ಇರು, ಕೈಯಿಗೆ ಹಿಟ್ಟ ಹತ್ತೈತಿ, ತೊಳಕೊಂಡು..."

ಮಾತು ಮುಗಿಸದೆ ಹಿತ್ತಲಿನ ಕಡೆ ನಡೆದಳು. ಹಿಂದಿನಿಂದ ಮಮತಾ ಇನ್ನೂ ಏನೋ ಹೇಳುತ್ತಲೇ ಇದ್ದಳು. ಫಕ್ಕೀರವ್ವನ ಕೈಯಲ್ಲಿ ಹಿಟ್ಟಿರಲಿಲ್ಲ.